"ಡಿಡ್ ನಾಟ್ ಗೋ" ಅಂತ ಹೇಳುವಾಗ ಅಲ್ಲಿ "ಮಾಡಿದ್ದು" ಎಂತ ಮಾರಾಯ್ರೆ?

ಬದಿಯಡ್ಕದ ಅಮ್ಮ
ಮಗಳು ಆರನೇ ಕ್ಲಾಸು, ಕನ್ನಡ ಮೀಡಿಯಂ. "ಹಿ ವೆಂಟ್ ಟು ದ ಮಾರ್ಕೆಟ್" ಅನ್ನುವುದನ್ನು ನೆಗೆಟಿವ್ ಮಾಡಿ, ಪ್ರಶ್ನೆ ಮಾಡಿ ಅಂತ ಹೋಂವರ್ಕ್. ಇವಳು "ಹಿ ಡಿಡ್ ನಾಟ್ ವೆಂಟ್" ಅಂತ ಬರೆದಿಟ್ಟಿದ್ದಾಳೆ. "ವೆಂಟ್ ಅಲ್ಲ, ಗೋ" ಅಂತ ತಿದ್ದಿದ್ದೇ ತಡ, ವಿಚಾರಣೆ ಶುರು. "ಡಿಡ್ ಅಂದ್ರೆ ಮಾಡಿದ ಅಂತಲ್ವಾ ಅಮ್ಮ? ಅವ ಹೋಗ್ಲೇ ಇಲ್ಲ, ಮತ್ತೆ ಮಾಡಿದ್ದು ಎಂತ? ಪ್ರಶ್ನೆಗೂ ಡಿಡ್ ಯಾಕೆ? ನಾವು 'ಹೋದನಾ' ಅಂತ ಒಂದು ಆ ಸೇರಿಸಿದ್ರೆ ಮುಗೀತಲ್ಲ."

ಗೈಡಿನಲ್ಲಿ "ಸಹಾಯಕ ಕ್ರಿಯಾಪದ" ಅಂತ ಉಂಟು, ಅಷ್ಟೆ. ನಾವು ಕಲಿಯುವಾಗ ಯಾರೂ ಹೇಳಿಕೊಟ್ಟದ್ದಿಲ್ಲ, ನಾವು ಕೇಳಿದ್ದೂ ಇಲ್ಲ. ಈ ಡುಗೆ ಅಲ್ಲಿ ಏನಾದ್ರೂ ಅರ್ಥ ಉಂಟಾ? ಇಲ್ಲದಿದ್ರೆ ಯಾಕೆ ಹಾಕ್ತಾರೆ? ಗೊತ್ತಿದ್ದವರು ಸ್ವಲ್ಪ ಹೇಳಿ, ಇವಳು ಸುಮ್ಮನೆ ಬಿಡುವ ಜಾತಿ ಅಲ್ಲ.

ಕುಂಬಳೆ ಲೋಕಲ್
ಅರ್ಥ ಇಲ್ಲ. ಬಾಯಿಪಾಠ ಮಾಡಿಸಿ. ನಾವೆಲ್ಲ ಹಾಗೇ ಪಾಸಾದದ್ದು.

ಉಪ್ಪಳ ಗೇಟ್
ಲೋಕಲ್ ಅವರೇ, ಅದಕ್ಕೇ ಇವತ್ತಿಗೂ ನೀವು "ಐ ಡಿಡಂಟ್ ಸಾ ಯುವರ್ ಮೆಸೇಜ್" ಅಂತ ಕಳಿಸುವುದು 😄

ನೀರ್ಚಾಲಿನ ಮಾಷ್ಟ್ರು
ಅಕ್ಕ, ಹುಡುಗಿ ಕೇಳಿದ್ದು ಗಟ್ಟಿ ಪ್ರಶ್ನೆ. ಉತ್ತರ ಅವಳ ಬಾಯಲ್ಲೇ ಉಂಟು.

"ಹೋದನು" ಎಂಬುದಕ್ಕೆ "ಇಲ್ಲ" ಸೇರಿಸು ಅಂತ ಹೇಳಿ ನೋಡಿ. "ಹೋದನಿಲ್ಲ" ಅನ್ನುವುದಿಲ್ಲ ಅವಳು, "ಹೋಗಲಿಲ್ಲ" ಅಂತಾಳೆ. ಬಿಡಿಸಿದರೆ ಹೋಗಲ್, ಇಲ್ಲ. ಆ "ಹೋಗಲ್" ಒಳಗೆ ನಿನ್ನೆಯೂ ಇಲ್ಲ ನಾಳೆಯೂ ಇಲ್ಲ, ಅವನೂ ಇಲ್ಲ ಅವಳೂ ಇಲ್ಲ. ನಾನು ಹೋಗಲಿಲ್ಲ, ನೀನು ಹೋಗಲಿಲ್ಲ, ಅವರು ಹೋಗಲಿಲ್ಲ, ಎಲ್ಲದಕ್ಕೂ ಒಂದೇ. "ಡಿಡ್ ನಾಟ್ ಗೋ"ದಲ್ಲಿ ಗೋ ನಿಂತಿರುವುದೂ ಹಾಗೆಯೇ. ಕಾಲ ಎನ್ನುವುದು ಒಂದು ಚೀಲ ಅಂತಿಟ್ಟುಕೊಳ್ಳಿ, ಅದನ್ನು ಡಿಡ್ ಹೊತ್ತುಕೊಂಡಾಯಿತು. ಗೋ ಕೈ ಬೀಸಿಕೊಂಡು ಬಂದರೆ ಸಾಕು. "ಡಿಡ್ ನಾಟ್ ವೆಂಟ್" ಅಂದರೆ ಇಬ್ಬರೂ ಒಂದೊಂದು ಚೀಲ ಹೊತ್ತ ಹಾಗೆ.

ಕ್ಲಾಸಿನಲ್ಲಿ ನಾನು ಒಂದು ಉಪಾಯ ಮಾಡುತ್ತಿದ್ದೆ. ವೆಂಟ್ ಅಂತ ಬರೆದವರ ಹತ್ತಿರ ಅದನ್ನೇ ಕನ್ನಡದಲ್ಲಿ "ಅವನು ಮಾರ್ಕೆಟಿಗೆ ಹೋದಲಿಲ್ಲ" ಅಂತ ಗಟ್ಟಿಯಾಗಿ ಓದಿಸುವುದು. ಇಡೀ ಕ್ಲಾಸು ನಗುತ್ತಿತ್ತು. ಒಮ್ಮೆ ನಕ್ಕ ಮೇಲೆ ಆ ತಪ್ಪು ಅಲ್ಲಿಗೆ ಬಿಟ್ಟು ಹೋಗುತ್ತದೆ.

ಅಡಿಕೆ ತೋಟ
ಹೋದಲಿಲ್ಲ 😂😂 ಇದು ಮೊದಲೇ ಯಾರಾದ್ರೂ ಹೇಳಿದ್ರೆ ನಾನು ಎಸೆಸೆಲ್ಸಿಯಲ್ಲಿ ಇಂಗ್ಲಿಷ್ ದಾಟ್ತಿದ್ದೆ.

ಉಪ್ಪಳ ಗೇಟ್
ಮಾಷ್ಟ್ರೆ, ಪುಸ್ತಕದ ಮಾತಾಯ್ತು. ಮನೆಯಲ್ಲಿ ನಾವು ಹೆಚ್ಚಾಗಿ "ಹೋಗಿಲ್ಲ" ಅಂತಲ್ವಾ ಹೇಳುವುದು? ಅದರೊಳಗೆ "ಹೋಗಿ" ಕೂತಿದೆಯಲ್ಲ, ಅದು ಆಗಿಹೋದದ್ದೇ.

ನೀರ್ಚಾಲಿನ ಮಾಷ್ಟ್ರು
ಅದು ಬೇರೆ. "ನಿನ್ನೆ ಹೋಗಲಿಲ್ಲ", "ಇನ್ನೂ ಹೋಗಿಲ್ಲ". ಎರಡನೆಯದು ಇಂಗ್ಲಿಷಿನ "ಹ್ಯಾಸ್ ನಾಟ್ ಗಾನ್". ಅಲ್ಲಿ ಗಾನ್ ಬರುತ್ತದೆ, ನಮ್ಮಲ್ಲಿ "ಹೋಗಿ" ಬರುತ್ತದೆ. ಮಾತಿನ ಭರದಲ್ಲಿ ಎರಡನ್ನೂ ಬೆರೆಸುತ್ತೇವೆ, ಅದು ಹೌದು.

ಚಂದ್ರಗಿರಿ ಆಚೆಯವ
ಮಾಷ್ಟ್ರ ಉಪಾಯ ಕನ್ನಡದ ಮಕ್ಕಳಿಗೆ ಸರಿ. ಕಾಸರಗೋಡು ದಾಟಿ ಮಲಯಾಳ ಆಡುವ ಕಾಞಂಗಾಡಿನ ಕಡೆ ನಡೆಯುವುದಿಲ್ಲ. ಮಲಯಾಳದಲ್ಲಿ "ಪೋಯಿ" ಅಂದರೆ ಹೋದ, "ಪೋಯಿಲ್ಲ" ಅಂದರೆ ಹೋಗಲಿಲ್ಲ. "ಚೆಯ್ದು" ಮಾಡಿದ, "ಚೆಯ್ದಿಲ್ಲ" ಮಾಡಲಿಲ್ಲ. ಹೋದ ಅಂತ ಹೇಳಿ, ಅದರ ಬೆನ್ನಿಗೇ ಇಲ್ಲ ಅಂಟಿಸುವುದು. ಅಂದರೆ ಮಲಯಾಳದ ಮನಸ್ಸಿಗೆ "ಡಿಡ್ ನಾಟ್ ವೆಂಟ್" ತಪ್ಪು ಅಂತ ಅನಿಸುವುದೇ ಇಲ್ಲ!

ತುಳುವಿನಲ್ಲೂ ನೋಡಿ: "ಆಯೆ ಬತ್ತೆ", "ಆಯೆ ಬತ್ತಿಜೆ". ಬಂದದ್ದು ಹಾಗೇ ಇದೆ, ಅದರ ಮೇಲೆ ಇಲ್ಲ. ಅಕ್ಕನ ಮನೆಯಲ್ಲಿ ಯಾವ ಭಾಷೆ?

ಬದಿಯಡ್ಕದ ಅಮ್ಮ
ಹವ್ಯಕ.

ಚಂದ್ರಗಿರಿ ಆಚೆಯವ
ಸಿಕ್ಕಿಬಿದ್ದಿರಿ. "ಹೋಯಿದಿಲ್ಲೆ" ಅಂತಲ್ವಾ ಹೇಳುವುದು? ಹೋದದ್ದೂ ಉಂಟು, ಇಲ್ಲವೂ ಉಂಟು. ಮಗಳು ಬರೆದ "ಡಿಡ್ ನಾಟ್ ವೆಂಟ್" ಶುದ್ಧ ಹವ್ಯಕ ಇಂಗ್ಲಿಷ್. ಮನೆಯಲ್ಲಿ ಹೋಯಿದಿಲ್ಲೆ, ಪೇಟೆಯಲ್ಲಿ ಪೋಯಿಲ್ಲ, ಆಟ ಆಡುವಾಗ ತುಳು. ಶಾಲೆಯ ಪುಸ್ತಕದಲ್ಲಿ ಮಾತ್ರ ಹೋಗಲಿಲ್ಲ. ನಮ್ಮೂರ ಮಕ್ಕಳು ಎಡವಲು ಕಾರಣ ಉಂಟು.

ಬದಿಯಡ್ಕದ ಅಮ್ಮ
ಅಯ್ಯೋ ದೇವರೇ, ಇದು ಹೊಳೆದೇ ಇರಲಿಲ್ಲ. ಅವಳಿಗೆ ತೋರಿಸಿದೆ. ಈಗ "ನಮ್ಮ ಭಾಷೆಯಲ್ಲಿ ಸರಿ ಉಂಟಲ್ಲ, ಇಂಗ್ಲಿಷಿನವರೇ ತಿದ್ದಿಕೊಳ್ಳಲಿ" ಅಂತಿದ್ದಾಳೆ.

ದುಬೈ ಪೆರ್ಲ
ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕಿದರೆ ಹೀಗೇ ಆಗುವುದು. ಮಕ್ಕಳಿಗೆ ಇಂಗ್ಲಿಷನ್ನು ಮಲಯಾಳದಲ್ಲಿ ಅರ್ಥ ಮಾಡಿಸಿದ್ರೆ ಹೋಗಲಿಲ್ಲ ಎಲ್ಲಿಂದ ಬರಬೇಕು?

ಕುಂಬಳೆ ಲೋಕಲ್
ಬಂತು ನೋಡಿ ರಾಜಕೀಯ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಲ್ಲಿಂದ ಶುರು ಮಾಡ್ತೀರಾ, 1984ರಲ್ಲಿ ಜಿಲ್ಲೆ ಆದಲ್ಲಿಂದಲಾ?

ದುಬೈ ಪೆರ್ಲ
ರಾಜಕೀಯ ಅಲ್ಲ ಮಾರಾಯ್ರೆ, ಇದ್ದ ವಿಷಯ ಹೇಳಿದ್ದು. ನಮ್ಮ ಮಕ್ಕಳ ಗತಿ ನಾವಲ್ಲದೆ...

ನಿರ್ವಾಹಕ
ಶಿಕ್ಷಕರ ನೇಮಕದ ಬಗ್ಗೆ ಬೇರೆ ಚರ್ಚೆ ಈಗಾಗಲೇ ನಡೆಯುತ್ತಿದೆ, ಅಲ್ಲಿಗೆ ಹೋಗಿ. ಇಲ್ಲಿ ಡು ಬಗ್ಗೆ ಮಾತ್ರ.

ಅರ್ಧ ಥೀಸಿಸ್
ಹುಡುಗಿಯ ಮೂಲ ಪ್ರಶ್ನೆ ಬಾಕಿ ಉಂಟಲ್ಲ. ಡು ಯಾಕೆ, ಎಲ್ಲಿಂದ?

ಮೊದಲು ಇಂಗ್ಲಿಷಿನಲ್ಲೂ ಈ ಡು ಬೇಕಾಗಿರಲಿಲ್ಲ. ಪ್ರಶ್ನೆ ಕೇಳಬೇಕಾದರೆ ಕ್ರಿಯಾಪದವನ್ನೇ ಮುಂದಕ್ಕೆ ತರುತ್ತಿದ್ದರು: "ವೆಂಟ್ ಹಿ?", "ನೋ ಯು?". (ಈ ನೋ ಅಂದರೆ ಇಲ್ಲ ಅಂತ ಅಲ್ಲ, ತಿಳಿ ಅಂತ.) ಇಲ್ಲ ಅನ್ನಲು ಹಿಂದೆ ನಾಟ್ ಇಡುತ್ತಿದ್ದರು: "ಐ ನೋ ನಾಟ್". ಜರ್ಮನ್ ಭಾಷೆಯಲ್ಲಿ ಈಗಲೂ ಹೀಗೆ, "ವೈಸ್ಟ್ ಡು?" ಅಂದರೆ "ಗೊತ್ತಾ ನಿನಗೆ?" (ಅಲ್ಲಿ ಡು ಅಂದರೆ ನೀನು. ಇದಕ್ಕೂ ನಮ್ಮ ಚರ್ಚೆಗೂ ಸಂಬಂಧ ಇಲ್ಲ, ಗಲಿಬಿಲಿ ಬೇಡ.)

ಸುಮಾರು 13ನೇ ಶತಮಾನದಿಂದ ಇಂಗ್ಲೆಂಡಿನ ನೈಋತ್ಯ ಭಾಗದ ಬರಹಗಳಲ್ಲಿ ಈ ಖಾಲಿ ಡು ಕಾಣಿಸಿಕೊಳ್ಳುತ್ತದೆ. 15, 16ನೇ ಶತಮಾನದಲ್ಲಿ ಜೋರಾಗಿ ಹಬ್ಬಿತು. ತಮಾಷೆ ಎಂದರೆ ಆಗ ಅದು ಎಲ್ಲ ಕಡೆಯೂ ಬರುತ್ತಿತ್ತು, ಪ್ರಶ್ನೆ ಬೇಕಿಲ್ಲ, ಇಲ್ಲ ಬೇಕಿಲ್ಲ. 1611ರ ಇಂಗ್ಲಿಷ್ ಬೈಬಲಿನಲ್ಲಿ ಹಣ್ಣು ತಿಂದ ಆದಾಮ "ಐ ಡಿಡ್ ಈಟ್" ಅನ್ನುತ್ತಾನೆ. ಒತ್ತಿ ಹೇಳಿದ್ದಲ್ಲ, ಸುಮ್ಮನೆ "ತಿಂದೆ" ಅಂತ. ಅದೇ ಪುಸ್ತಕದಲ್ಲಿ "ದೇ ನ್ಯೂ ನಾಟ್" (ಅವರಿಗೆ ತಿಳಿಯಲಿಲ್ಲ) ಕೂಡ ಉಂಟು, ಅಂದರೆ ಹಳತು ಹೊಸತು ಎರಡೂ ಒಂದೇ ಮನೆಯಲ್ಲಿ. ಆಮೇಲೆ ಸಾದಾ ವಾಕ್ಯದಿಂದ ಡು ಜಾರಿಹೋಯಿತು, ಪ್ರಶ್ನೆ ಮತ್ತು ನಿಷೇಧದಲ್ಲಿ ಗಟ್ಟಿಯಾಗಿ ಕೂತಿತು. ಸ್ವೀಡನ್ನಿನ ಅಲ್ವಾರ್ ಎಲ್ಲೆಗಾರ್ಡ್ ಎಂಬ ವಿದ್ವಾಂಸರು ಹಳೆಯ ಬರಹಗಳನ್ನೆಲ್ಲ ಎಣಿಸಿ ಈ ಏರಿಳಿತವನ್ನು 1953ರಲ್ಲೇ ಪುಸ್ತಕ ಮಾಡಿ ತೋರಿಸಿದ್ದಾರೆ. ಇವತ್ತಿಗೂ ಈ ವಿಷಯ ಓದುವವರು ಅಲ್ಲಿಂದಲೇ ಶುರು ಮಾಡಬೇಕು.

ಕುಂಬಳೆ ಲೋಕಲ್
ಅಂದ್ರೆ ಅರ್ಥ ಇಲ್ಲ ಅಂತಲೇ ಆಯ್ತಲ್ಲ. ನಾನು ಒಂದು ಸಾಲಿನಲ್ಲಿ ಹೇಳಿದ್ದೆ.

ಅರ್ಧ ಥೀಸಿಸ್
ಅರ್ಥ ಇಲ್ಲ, ಕೆಲಸ ಉಂಟು. ಎರಡೂ ಬೇರೆ ಬೇರೆ.

ಬೇಕಲ ಬೀಚ್
ಆದ್ರೆ ಅರ್ಥ ಇದ್ದ ಶಬ್ದ ಖಾಲಿಯಾದದ್ದು ಹೇಗೆ? ಒಂದು ದಿನ ಬೆಳಿಗ್ಗೆ ಎದ್ದು ಎಲ್ರೂ ಡು ಡು ಅಂದ್ರಾ?

ಅರ್ಧ ಥೀಸಿಸ್
ಇದರ ಮೇಲೆಯೇ ಜಗಳ ಇರುವುದು. ಒಂದು ಪಕ್ಷ, ಮೊದಲು ಡು ಎಂದರೆ "ಮಾಡಿಸು" ಅಂತ ಇತ್ತು ಎನ್ನುತ್ತದೆ. ನಿಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. "ಇಕ್ಕೇರಿಯ ಶಿವಪ್ಪ ನಾಯಕ ಬೇಕಲ ಕೋಟೆ ಕಟ್ಟಿದ" ಅಂತ ಎಲ್ಲರೂ ಹೇಳುತ್ತೇವೆ. ಅವನೇನು ಕಲ್ಲು ಹೊತ್ತನಾ? ಕಟ್ಟಿಸಿದ. ಆದರೆ "ಕಟ್ಟಿದ" ಅಂದರೂ ಯಾರಿಗೂ ತೊಂದರೆ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ "ರಾಜ ಕೋಟೆ ಕಟ್ಟಿಸಿದ" ಅನ್ನಲು "ಡಿಡ್ ಬಿಲ್ಡ್" ಎನ್ನುವ ರೂಪ ಇತ್ತು. ದೊಡ್ಡವರ ವಿಷಯದಲ್ಲಿ ಕಟ್ಟಿದ್ದಕ್ಕೂ ಕಟ್ಟಿಸಿದ್ದಕ್ಕೂ ಭೇದ ಉಳಿಯುವುದಿಲ್ಲ, ಹಾಗಾಗಿ ಕೇಳುವವರ ಕಿವಿಯಲ್ಲಿ ಡಿಡ್ ಬರೀ ಭೂತಕಾಲದ ಗುರುತಾಗಿ ಉಳಿಯಿತು ಅಂತ ವಾದ.

ಇನ್ನೊಂದು ಪಕ್ಷ ಇದು ಪಕ್ಕದ ಮನೆಯ ಪ್ರಭಾವ ಎನ್ನುತ್ತದೆ. ವೇಲ್ಸ್, ಕಾರ್ನ್‌ವಾಲ್ ಕಡೆಯ ಕೆಲ್ಟಿಕ್ ಭಾಷೆಗಳಲ್ಲಿ "ಮಾಡು" ಎಂಬ ಕ್ರಿಯಾಪದವನ್ನು ಹೀಗೆ ಸಹಾಯಕ್ಕೆ ಬಳಸುವ ರೂಢಿ ಉಂಟು. ಡು ಮೊದಲು ಕಂಡದ್ದೂ ನೈಋತ್ಯದಲ್ಲಿ. ಆದರೆ ಇಂಗ್ಲಿಷರು ಅಲ್ಲಿಗೆ ಬಂದು ನೆಲೆಸಿದ್ದಕ್ಕೂ ಡು ಬರಹದಲ್ಲಿ ಕಂಡದ್ದಕ್ಕೂ ನಡುವೆ ಶತಮಾನಗಳ ಅಂತರ. ಮತ್ತೆ ಜರ್ಮನ್ ಆಡುನುಡಿಗಳಲ್ಲೂ ಇಂಥದ್ದೇ ಬಳಕೆ ಉಂಟು, ಅಲ್ಲಿ ಕೆಲ್ಟಿಕ್ ನೆರೆ ಇರಲಿಲ್ಲವಲ್ಲ ಎನ್ನುವ ಆಕ್ಷೇಪ.

ಚಂದ್ರಗಿರಿ ಆಚೆಯವ
ನನ್ನ ಓಟು ಪಕ್ಕದ ಮನೆಗೆ. ಕಾಸರಗೋಡಿನಲ್ಲಿ ಕೂತುಕೊಂಡು ಒಂದು ಭಾಷೆ ಇನ್ನೊಂದರ ವ್ಯಾಕರಣಕ್ಕೆ ಕೈ ಹಾಕುವುದಿಲ್ಲ ಅಂತ ಹೇಳಿದ್ರೆ ನಂಬುವವರು ಯಾರು?

ಬೇಕಲ ಬೀಚ್
ಕೋಟೆ ಶಿವಪ್ಪ ನಾಯಕನಿಗಿಂತ ಹಿಂದಿನದ್ದು ಅಂತ ಹೇಳುವವರೂ ಇದ್ದಾರೆ. ಕೋಲತ್ತಿರಿ ಅರಸರ ಕಾಲದ್ದು ಅಂತ.

ನಿರ್ವಾಹಕ
ಬೇಡ. ದಯವಿಟ್ಟು.

ಜೋಯಿಸರ ಮೊಮ್ಮಗ
ಇಷ್ಟೆಲ್ಲ ದೂರ ಯಾಕೆ ಹೋಗ್ತೀರಿ? ಪಾಣಿನಿಯ ಧಾತುಪಾಠದಲ್ಲೇ ಉಂಟು: "ಡುಕೃಞ್ ಕರಣೇ". ಭಜಗೋವಿಂದಂ ಹೇಳುವವರಿಗೆಲ್ಲ ಗೊತ್ತು. ಕರಣೇ ಅಂದರೆ ಮಾಡುವ ಅರ್ಥದಲ್ಲಿ. ಮೊದಲ ಅಕ್ಷರ ಯಾವುದು? ಡು! ಇಂಗ್ಲಿಷಿನವರು ಮೊದಲನೇ ಅಕ್ಷರ ತೆಗೆದುಕೊಂಡು ಓಡಿದರು. ಎಲ್ಲದರ ಮೂಲ ಸಂಸ್ಕೃತ ಅಂತ ಸುಮ್ಮನೆ ಹೇಳುವುದಾ.

ಅಡಿಕೆ ತೋಟ
ಇದು ಜೋಕಾ ಸೀರಿಯಸ್ಸಾ?

ಜೋಯಿಸರ ಮೊಮ್ಮಗ
ಅರ್ಧರ್ಧ 😄

ಪಾಠಶಾಲೆ ರಸ್ತೆ
ಜೋಯಿಸರ ಮೊಮ್ಮಗನಿಗೆ ಅಜ್ಜನ ಪಾಠ ಪೂರ್ತಿ ಆಗಿಲ್ಲ ಅಂತ ಕಾಣುತ್ತದೆ. ಡುಕೃಞ್ ಎಂಬುದರಲ್ಲಿ ಧಾತು ಇರುವುದು ಕೃ ಮಾತ್ರ. ಡು ಮತ್ತು ಞ್ ಪಾಣಿನಿ ಅಂಟಿಸಿದ ಚೀಟಿಗಳು, ಇತ್ ಅಂತ ಅದಕ್ಕೆ ಹೆಸರು. ಡು ಚೀಟಿ ಇರುವ ಧಾತುಗಳಿಗೆ ಕ್ತ್ರಿ ಎಂಬ ಪ್ರತ್ಯಯ ಬರುತ್ತದೆ ಅಂತ ಸೂತ್ರ: "ಡ್ವಿತಃ ಕ್ತ್ರಿಃ". ಕೃತ್ರಿಮ ಎಂಬ ಶಬ್ದ ಆಗುವುದು ಹಾಗೆ. ಮಾತಾಡುವಾಗ ಆ ಡುವನ್ನು ಯಾರೂ ಉಚ್ಚರಿಸಿದ್ದಿಲ್ಲ, ಕದ್ದುಕೊಂಡು ಹೋಗಲಿಕ್ಕೆ ಅಲ್ಲಿ ಏನೂ ಇರಲಿಲ್ಲ.

ನಿಜವಾದ ನೆಂಟಸ್ತಿಕೆ ಬೇರೆ ಧಾತುವಿನ ಜೊತೆ. ಡುಧಾಞ್, ಅಂದರೆ ಧಾ. ಇಡು, ಧರಿಸು ಎಂಬ ಅರ್ಥ. ಸಂಸ್ಕೃತದ ಧ ಇರುವಲ್ಲಿ ಇಂಗ್ಲಿಷಿನಲ್ಲಿ ಡ ಬರುತ್ತದೆ: ವಿಧವಾ ಮತ್ತು ವಿಡೋ, ಬಂಧ ಮತ್ತು ಬೈಂಡ್. ಹಾಗೆಯೇ ಧಾ ಮತ್ತು ಡು. ದಾನದ "ದಾ" ಅಂತ ಯಾರಾದರೂ ಹೇಳಲು ಹೊರಟರೆ ಮೊದಲೇ ಹೇಳುತ್ತೇನೆ, ಆಗುವುದಿಲ್ಲ. ದ ಇರುವಲ್ಲಿ ಟ ಬರಬೇಕು: ದಶ, ಟೆನ್, ದ್ವಿ, ಟು.

ಇನ್ನೂ ಚಂದ ಇರುವುದು ಡಿಡ್‌ನಲ್ಲಿ. ಇಂಗ್ಲಿಷಿನ ಉಳಿದ ಕ್ರಿಯಾಪದ ಯಾವುದೂ ಭೂತಕಾಲಕ್ಕೆ ಹೀಗೆ ಡ ಮುಂದೆ ಡ ಇಟ್ಟುಕೊಳ್ಳುವುದಿಲ್ಲ. ಸಂಸ್ಕೃತದಲ್ಲಿ ಧಾದ ಭೂತಕಾಲ "ದಧೌ". ಮೊದಲ ಅಕ್ಷರ ಎರಡು ಸಲ ಬರುವುದಕ್ಕೆ ಅಭ್ಯಾಸ ಅಂತ ಹೆಸರು. ಡಿಡ್‌ನಲ್ಲಿ ಉಳಿದಿರುವುದು ಅಂಥ ಹಳೆಯ ಇಮ್ಮಡಿಯೇ.

ಜೋಯಿಸರ ಮೊಮ್ಮಗ
ನೋಡಿದಿರಾ, ಕೊನೆಗೆ ಸಂಸ್ಕೃತವೇ ಬಂತು.

ಪಾಠಶಾಲೆ ರಸ್ತೆ
ಬಂದದ್ದು ತಾಯಿಯಾಗಿ ಅಲ್ಲ, ಅಕ್ಕನಾಗಿ. ಎರಡಕ್ಕೂ ಮೂಲ ಇನ್ನೂ ಹಳೆಯ ಒಂದು ಭಾಷೆ. ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದೂ ಇಷ್ಟೆ. ನಮ್ಮವರು ಅರ್ಧ ಕೇಳಿ ಎದ್ದು ಬಂದರು.

ಬದಿಯಡ್ಕದ ಅಮ್ಮ
ಧಾ ಅಂದ್ರೆ ನಮಗೆ ಪರಿಚಯ ಇರುವ ಶಬ್ದ ಯಾವುದಾದ್ರೂ ಉಂಟಾ? ಮಗಳಿಗೆ ಹೇಳಲಿಕ್ಕೆ.

ಪಾಠಶಾಲೆ ರಸ್ತೆ
ಬೇಕಾದಷ್ಟು. ನಿಧಿ, ಸಂಧಿ, ಸಮಾಧಾನ, ವಿಧಾನಸಭೆಯ ವಿಧಾನ. "ಧಾತು" ಎಂಬ ಶಬ್ದವೇ ಧಾದಿಂದ ಬಂದದ್ದು. ಶ್ರದ್ಧೆಯಲ್ಲೂ ಇದೇ ಧಾ ಇದೆ. ಲ್ಯಾಟಿನ್‌ನಲ್ಲಿ ಅದರ ಜೋಡಿ ಶಬ್ದದಿಂದ ಇಂಗ್ಲಿಷಿಗೆ ಕ್ರೀಡ್, ಕ್ರೆಡಿಟ್ ಬಂದವು. ಕ್ರೆಡಿಟ್ ಕಾರ್ಡಿನ ಬಿಲ್ಲು ಬಂದಾಗ ಶ್ರದ್ಧೆಯಿಂದ ಕಟ್ಟಿ.

ನನಗೆ ಎಲ್ಲಕ್ಕಿಂತ ಇಷ್ಟ "ವಿಧಿ". ವಿಧಿ ಅಂದರೆ ನಿಯಮ, ವಿಧಿ ಅಂದರೆ ಹಣೆಬರಹ. ಇಂಗ್ಲಿಷಿನಲ್ಲಿ ಡು ಜೊತೆ ಹುಟ್ಟಿದ ಶಬ್ದ ಡೂಮ್. ಮೊದಲು ಅದಕ್ಕೆ ಕಾನೂನು, ತೀರ್ಪು ಅಂತ ಅರ್ಥ. ಆಮೇಲೆ ಕೆಟ್ಟ ಹಣೆಬರಹ ಅಂತಾಯಿತು. ಎರಡು ಭಾಷೆಗಳು, ಮಾತುಕತೆ ಇಲ್ಲದೆ, ಒಂದೇ ಬೇರಿನಿಂದ ಹೊರಟು ನಿಯಮದಿಂದ ಹಣೆಬರಹಕ್ಕೆ ಬಂದು ನಿಂತಿವೆ. ಫ್ರೀಡಂ, ಕಿಂಗ್‌ಡಂ ಎಂಬಲ್ಲಿ ಬಾಲದಲ್ಲಿರುವ ಡಂ ಕೂಡ ಅದೇ.

ಮಂಜೇಶ್ವರ ಸಾಹಿತ್ಯ
ಗೋವಿಂದ ಪೈಗಳ ಊರಿನವಳಾಗಿ ಇಂಥದ್ದು ಓದಿದ್ರೆ ಹೊಟ್ಟೆ ತುಂಬುತ್ತದೆ. ಡಾನ್, ಡಾಫ್ ಸೇರಿಸಿಕೊಳ್ಳಿ. ಬಟ್ಟೆ ತೊಡುವುದು "ಡು ಆನ್", ಅದು ಕೂಡಿ ಡಾನ್. ತೆಗೆಯುವುದು "ಡು ಆಫ್", ಡಾಫ್. ಟೋಪಿ ಡಾಫ್ ಮಾಡುವುದು ಅಂತ ಓದಿದ್ದೇವಲ್ಲ.

ಕುಂಬಳೆ ಲೋಕಲ್
ನಾನು ಡಾನ್ ಅಂದ್ರೆ ಮುಂಬೈಯವರು ಅಂತ ತಿಳ್ಕೊಂಡಿದ್ದೆ.

ಜೋಯಿಸರ ಮೊಮ್ಮಗ
ಒಂದು ಗಂಭೀರ ಪ್ರಶ್ನೆ. ನಮ್ಮಲ್ಲಿ ಮಾಡು ಎಂಬುದರಿಂದ ಮಾಟ ಬಂದದ್ದಲ್ವಾ? ಆಡು ಆಟ, ಓಡು ಓಟ, ಮಾಡು ಮಾಟ. ಜ್ಯೋತಿಷದ ಪ್ರಶ್ನೆ ಇಡುವಾಗ ಜೋಯಿಸರು ಅದನ್ನೇ "ಕೃತ್ರಿಮ" ಅಂತಾರೆ, ಅದು ಕೃ ಧಾತು. ಮಾಡುವುದು ಅಂದ್ರೆ ಎಲ್ಲರಿಗೂ ಮಾಟ ಯಾಕೆ ನೆನಪಾಗುತ್ತದೆ?

ಪಾಠಶಾಲೆ ರಸ್ತೆ
ಈಗ ದಾರಿಗೆ ಬಂದಿರಿ! ಇದು ನಮ್ಮಲ್ಲಿ ಮಾತ್ರ ಅಲ್ಲ. ಸಂಸ್ಕೃತದಲ್ಲಿ ಕೃತ್ಯಾ ಅಂದರೂ ಮಾಟವೇ. ಪೋರ್ಚುಗೀಸರು ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಕಂಡ ತಾಯಿತ, ಶಕ್ತಿಯ ಗೊಂಬೆ ಇತ್ಯಾದಿಗಳನ್ನು ತಮ್ಮ ಭಾಷೆಯ ಮಾಟದ ಶಬ್ದದಿಂದ ಕರೆದರು. ಅದು ಫ್ರೆಂಚ್ ದಾರಿಯಲ್ಲಿ ಇಂಗ್ಲಿಷಿಗೆ ಬಂದು ಫೆಟಿಷ್ ಆಯಿತು. ಆ ಪೋರ್ಚುಗೀಸ್ ಶಬ್ದದ ಮೂಲ ಲ್ಯಾಟಿನ್, "ಕೈಯಿಂದ ಮಾಡಿದ್ದು, ಸಹಜವಲ್ಲದ್ದು" ಅಂತ ಅರ್ಥ. ಅಂದರೆ ಅಕ್ಷರಶಃ ಕೃತ್ರಿಮ! ಲ್ಯಾಟಿನ್ನಿನ ಆ "ಮಾಡು" ಧಾತು ಫಾಕೆರೆ, ಅದೂ ನಮ್ಮ ಧಾ, ಅವರ ಡು ಕುಟುಂಬದ್ದೇ. ತಾನಾಗಿ ಆದದ್ದಕ್ಕೆ ಯಾರೂ ಹೆದರುವುದಿಲ್ಲ, ಯಾರೋ ಮಾಡಿದ್ದು ಅಂದರೆ ಹೆದರಿಕೆ.

ಉಪ್ಪಳ ಗೇಟ್
ರಾತ್ರಿ ಹೊತ್ತು ಇದೆಲ್ಲ ಬೇಕಾ?

ಅಡಿಕೆ ತೋಟ
ನಮಗೆ ಮಾಡು ಅಂದ್ರೆ ತಲೆ ಮೇಲಿರುವುದು. ಮಳೆಗಾಲ ಬಂತು, ಮಾಡಿನ ಹಂಚು ಬದಲಾಯಿಸುವವರು ಯಾರಾದ್ರೂ ಇದ್ರೆ ಹೇಳಿ. ಮೈಸೂರಿನ ಅಳಿಯನ ಹತ್ತಿರ "ಮಾಡು ಸೋರ್ತದೆ" ಅಂದ್ರೆ "ಏನು ಮಾಡಲಿ ಮಾವ?" ಅಂತ ಕೇಳಿದ.

ಚಂದ್ರಗಿರಿ ಆಚೆಯವ
ಮಲಯಾಳದ ಚೆಯ್ಯುಗೂ ಕನ್ನಡಕ್ಕೂ ಸಂಬಂಧ ಇಲ್ಲ ಅಂತ ನಮ್ಮವರು ತಿಳಿದುಕೊಂಡಿದ್ದಾರೆ. ಪೇಪರಿನಲ್ಲಿ "ಹತ್ಯೆಗೈದ", "ದಾಳಿಗೈದ" ಅಂತ ಬರುತ್ತದಲ್ಲ, ಆ ಗೈ ಹಳಗನ್ನಡದ ಗೆಯ್. ಮಲಯಾಳ, ತಮಿಳಿನ ಚೆಯ್ ಅದರದ್ದೇ ಒಡಹುಟ್ಟು. ನಮ್ಮ ಕಿ, ಕೆ, ಗೆ ಇರುವಲ್ಲಿ ಅವರಿಗೆ ಹೆಚ್ಚಾಗಿ ಚ: ಕಿವಿ ಚೆವಿ, ಕೆರೆ ಚಿರ. ಮೈಸೂರು ಕಡೆಯ ರೈತರು ಗೇಮೆ ಅಂತಾರೆ ಬೇಸಾಯಕ್ಕೆ, ಅದೂ ಇದೇ. ಪೇಟೆಯವರಿಗೆ ಮಾತ್ರ ಗೈ ಎಂದರೆ ಕೊಲೆ ಸುದ್ದಿ.

ಲೆಕ್ಕದ ರಾಯರು
ಅಜ್ಜನ ಕಾಲದ ಜಮಾ ಖರ್ಚಿನ ಪುಸ್ತಕದಲ್ಲಿ ಒಂದು ಹೆಸರು ಬರೆದು ಅದರ ಕೆಳಗೆ ಸಾಲಾಗಿ ಇಂಗ್ಲಿಷಿನಲ್ಲಿ ಡು, ಡು, ಡು ಅಂತ ಉಂಟು. "ಮಾಡಿ, ಮಾಡಿ" ಅಂತ ಯಾರಿಗೆ ಹೇಳಿದ್ದೋ ಅಂತ ನಾವು ಮಕ್ಕಳು ನಗಾಡುತ್ತಿದ್ದೆವು. ಅದೂ ಇದೇ ಡುವಾ?

ಮಂಜೇಶ್ವರ ಸಾಹಿತ್ಯ
ಅಲ್ಲ ರಾಯರೇ, ಅದು ಡಿಟ್ಟೋದ ಮೊಟಕು. ಇಟಾಲಿಯನ್ ಶಬ್ದ, "ಮೇಲೆ ಹೇಳಿದ್ದೇ" ಅಂತ. ಹಳೆಯ ಗುಮಾಸ್ತರೆಲ್ಲ ಹಾಗೆ ಬರೆಯುತ್ತಿದ್ದರು.

ಲೆಕ್ಕದ ರಾಯರು
ಸರಿ. ಹಾಗಾದರೆ "ಪ್ಲೀಸ್ ಡು ದ ನೀಡ್‌ಫುಲ್" ಬಗ್ಗೆಯೂ ಹೇಳಿ. ಸರ್ವಿಸ್ ಪೂರ್ತಿ ಬರೆದದ್ದು ಅದನ್ನೇ. ಈಗ ಬೆಂಗಳೂರಿನಲ್ಲಿರುವ ಮಗ ಅದು ತಪ್ಪು ಇಂಗ್ಲಿಷ್, ಯಾರೂ ಬರೆಯುವುದಿಲ್ಲ ಅಂತಾನೆ.

ಅರ್ಧ ಥೀಸಿಸ್
ತಪ್ಪಲ್ಲ, ಹಳತು. ಬ್ರಿಟಿಷರೇ ಬರೆಯುತ್ತಿದ್ದ ಮಾತು. ಅವರು ಬಿಟ್ಟರು, ನಾವು ಇಟ್ಟುಕೊಂಡೆವು. "ಡು ಒನ್ ಥಿಂಗ್" ಮಾತ್ರ ಪೂರ್ತಿ ನಮ್ಮದು, "ಒಂದು ಕೆಲಸ ಮಾಡಿ" ಎಂಬುದನ್ನು ಎತ್ತಿ ಇಟ್ಟದ್ದು. ಲಂಡನಿನವರಿಗೆ ಹೇಳಿದರೆ ಯಾವ ಥಿಂಗ್ ಅಂತ ಕಾಯುತ್ತಾ ಕೂರುತ್ತಾರೆ.

ದುಬೈ ಪೆರ್ಲ
ಇಲ್ಲಿ ನಮ್ಮ ಆಫೀಸಿನಲ್ಲಿ ಮಲಯಾಳಿ, ತಮಿಳ, ಪಾಕಿಸ್ತಾನಿ ಎಲ್ರೂ "ಡು ಒನ್ ಥಿಂಗ್" ಅಂತಾರೆ, ಎಲ್ರಿಗೂ ಅರ್ಥ ಆಗ್ತದೆ. ಅರ್ಥ ಆಗದವ ಇಂಗ್ಲಿಷಿನವ ಒಬ್ಬನೇ.

ಮಂಜೇಶ್ವರ ಸಾಹಿತ್ಯ
ಥೀಸಿಸ್ ಅವರೇ, "ಐ ನೋ ನಾಟ್" ಬಗ್ಗೆ ಒಂದು ಮಾತು. ಉಳಿದ ಕ್ರಿಯಾಪದಗಳೆಲ್ಲ ಡು ಹಿಡಿದ ಮೇಲೂ ನೋ, ಡೌಟ್ ಮೊದಲಾದ ಕೆಲವು ಬಹಳ ಕಾಲ ಹಳೆಯ ರೀತಿಯಲ್ಲೇ ಉಳಿದವು ಅಂತ ಓದಿದ ನೆನಪು. ಕನ್ನಡದಲ್ಲೂ ಹಾಗಲ್ವಾ? ಹಳೆಯ ಕನ್ನಡದಲ್ಲಿ ಯಾವ ಕ್ರಿಯಾಪದಕ್ಕೂ "ಇಲ್ಲ" ಅಂತ ಬೇರೆ ಬೇಕಾಗಿರಲಿಲ್ಲ. ಮಾಡೆನು, ಹೋಗೆನು ಅಂದರೆ ಸಾಕು. ಈಗ ಅದು ಹೋಯಿತು. ಆದರೆ ಅರಿಯೆ, ಕಾಣೆ, ಒಲ್ಲೆ ಇನ್ನೂ ಉಂಟು. "ನಾನಂತೂ ಕಾಣೆ ಮಾರಾಯ್ತಿ" ಅಂತ ನಮ್ಮ ಅತ್ತೆ ಇವತ್ತಿಗೂ ಹೇಳ್ತಾರೆ.

ಅರ್ಧ ಥೀಸಿಸ್
ಸರಿಯಾಗಿ ಹಿಡಿದಿರಿ. ಎಲ್ಲೆಗಾರ್ಡ್ ಲೆಕ್ಕದಲ್ಲೂ ನೋ ಗುಂಪು ಹಿಂದೆ ಬಿದ್ದದ್ದು ಸ್ಪಷ್ಟ ಕಾಣುತ್ತದೆ. ದಿನಾ ಬಾಯಲ್ಲಿ ಓಡಾಡುವ ಮಾತು ಬೇಗ ಸವೆಯುತ್ತದೆ ಅಂತ ನಾವು ಎಣಿಸುತ್ತೇವೆ, ವ್ಯಾಕರಣದಲ್ಲಿ ಹೆಚ್ಚಾಗಿ ಅದೇ ಹಳೆಯ ರೂಪದಲ್ಲಿ ಗಟ್ಟಿಯಾಗಿ ಉಳಿಯುವುದು. "ಗೊತ್ತಿಲ್ಲ" ಎನ್ನುವುದಕ್ಕಿಂತ ಹೆಚ್ಚು ಸಲ ಮನುಷ್ಯ ಏನು ಹೇಳ್ತಾನೆ?

ಬದಿಯಡ್ಕದ ಅಮ್ಮ
ನಮ್ಮಲ್ಲಿ "ಎನಗರಡಿಯ" ಅಂತ. ಅದರಲ್ಲೂ ಇಲ್ಲೆ ಇಲ್ಲ ನೋಡಿ!

ಕುಂಬಳೆ ಲೋಕಲ್
ಕಾಣೆ ಅಂದ್ರೆ ನಮಗೆ ಮೀನು. ಮಸಾಲೆ ಹಾಕಿ ಕಾಯಿಸಿದ್ರೆ ಮತ್ತೆ ವ್ಯಾಕರಣ ಬೇಡ.

ಬೇಕಲ ಬೀಚ್
ಇವತ್ತು ರೇಟ್ ಕೇಳಿದ್ರೆ ನೀವೇ ಕಾಣೆ.

ಅಡಿಕೆ ತೋಟ
ಒಂದು ಸಂಶಯ. ಸಾದಾ ವಾಕ್ಯದಲ್ಲಿ ಡು ಹೋಯ್ತು ಅಂದಿರಿ. ಮತ್ತೆ "ಐ ಡಿಡ್ ಕಾಲ್ ಯು" ಅಂತಾರಲ್ಲ?

ನೀರ್ಚಾಲಿನ ಮಾಷ್ಟ್ರು
ಅದು ಒತ್ತಿ ಹೇಳುವುದು. ನೀವು ಫೋನ್ ಮಾಡಲೇ ಇಲ್ಲ ಅಂತ ಯಾರೋ ದೂರಿದಾಗ ಹೇಳುವ ಮಾತು. ನಮ್ಮ ಊರ ಕನ್ನಡದಲ್ಲಿ ಅದಕ್ಕೆ ಹೌದು ಉಂಟಲ್ಲ: "ನಾನು ಫೋನ್ ಮಾಡಿದ್ದು ಹೌದು, ನೀವು ತೆಗೀಲಿಲ್ಲ." ಈ "ಮಾಡಿದ್ದು ಹೌದು" ಸರಿಯಾಗಿ ಅವರ "ಡಿಡ್ ಕಾಲ್".

ಉಪ್ಪಳ ಗೇಟ್
ಅದರಲ್ಲೂ "ಫೋನ್ ಮಾಡಿದ್ದು". ಇಂಗ್ಲಿಷಿನವರ ಡು ಖಾಲಿ ಅಂತ ನಗಾಡಿದ ನಾವೇ ಕಾಲ್ ಮಾಡು, ಡ್ರೈವ್ ಮಾಡು, ಫಾರ್ವರ್ಡ್ ಮಾಡು ಅಂತ ಅವರ ಶಬ್ದಕ್ಕೆಲ್ಲ ನಮ್ಮ ಮಾಡು ಕಟ್ಟಿದ್ದೇವೆ.

ನೀರ್ಚಾಲಿನ ಮಾಷ್ಟ್ರು
ಕಟ್ಟದಿದ್ದರೆ ಅದು ಕನ್ನಡದಲ್ಲಿ ಓಡುವುದಿಲ್ಲ. "ಡ್ರೈವಿದನು" ಅಂತ ಆಗುವುದಿಲ್ಲವಲ್ಲ. ಇಂಗ್ಲಿಷಿನ ಕ್ರಿಯಾಪದಕ್ಕೆ ಪ್ರತ್ಯಯ ನೇರ ಅಂಟುವುದಿಲ್ಲ, ಮಾಡು ನಡುವೆ ನಿಂತು ಕಾಲ, ಲಿಂಗ, ವಚನ ಎಲ್ಲ ನೋಡಿಕೊಳ್ಳುತ್ತದೆ. ತಾನಾಗಿ ಆಗುವಂಥದ್ದಾದರೆ ಆಗು: ಹ್ಯಾಂಗ್ ಆಯಿತು, ಕಟ್ ಆಯಿತು. ಮಲಯಾಳಿಗರೂ "ಕಾಲ್ ಚೆಯ್ದು" ಅಂತಲೇ ಹೇಳುವುದು.

ಬದಿಯಡ್ಕದ ಅಮ್ಮ
ಎಲ್ಲರಿಗೂ ಉಪಕಾರ. "ಹೋದಲಿಲ್ಲ" ಮನೆಯಲ್ಲಿ ಪ್ರಸಿದ್ಧ ಆಗಿದೆ, ತಮ್ಮನನ್ನು ಅದೇ ಹೆಸರಿನಲ್ಲಿ ಕರೀತಾಳೆ. ಆದ್ರೆ ಹೊಸ ತಕರಾರು. ಪುಸ್ತಕದಲ್ಲಿ "ಹೂ ವೆಂಟ್ ಟು ದ ಮಾರ್ಕೆಟ್?" ಅಂತ ಉಂಟು. ಇದು ಪ್ರಶ್ನೆ ಅಲ್ವಾ, ಡಿಡ್ ಎಲ್ಲಿ, ಪ್ರಿಂಟ್ ತಪ್ಪಾ ಅಂತ ಕೇಳ್ತಾಳೆ.

ನೀರ್ಚಾಲಿನ ಮಾಷ್ಟ್ರು
ಪ್ರಿಂಟ್ ಸರಿ ಉಂಟು. ಪ್ರಶ್ನೆಯಲ್ಲಿ ಕರ್ತೃವಿನ ಮುಂದೆ ಒಂದು ಕ್ರಿಯಾಪದ ಬಂದು ನಿಲ್ಲಬೇಕು. ಅಲ್ಲಿ ನಿಲ್ಲಲಿಕ್ಕೆ ವೆಂಟ್‌ಗೆ ಈಗ ಅಧಿಕಾರ ಇಲ್ಲ, ಹಾಗಾಗಿ ಡಿಡ್ ಬರುತ್ತದೆ. "ಹೂ ವೆಂಟ್"ನಲ್ಲಿ ಕೇಳುವ ಶಬ್ದವೇ ಕರ್ತೃ, ಅದೇ ಮೊದಲು ಕೂತಾಗಿದೆ. ಯಾರ ಜಾಗವೂ ಬದಲಾಗಬೇಕಿಲ್ಲ, ಡಿಡ್‌ಗೆ ಕೆಲಸ ಇಲ್ಲ. "ಹೂಮ್ ಡಿಡ್ ಹಿ ಸೀ?" ಅಂದಾಗ ಕೇಳುವುದು ಕರ್ಮವನ್ನು, ಅಲ್ಲಿ ಡಿಡ್ ಬೇಕು. ಇಸ್, ವಾಸ್, ಕ್ಯಾನ್ ಇದ್ದರೆ ಅವೇ ಮುಂದೆ ಬರುತ್ತವೆ, ಆಗಲೂ ಡು ಬೇಡ.

ದುಬೈ ಪೆರ್ಲ
ಹಾಗಾದ್ರೆ ನಾವು ಫೋನಿನಲ್ಲಿ "ವೇರ್ ಯು ವೆಂಟ್?" ಅಂತ ಕೇಳುವುದು?

ಚಂದ್ರಗಿರಿ ಆಚೆಯವ
"ಎಲ್ಲಿ ಹೋದಿರಿ?"ಯನ್ನು ಇಡಿಯಾಗಿ ಎತ್ತಿದ್ದು. ಮಲಯಾಳಿ, ತುಳುವ, ಕನ್ನಡಿಗ ಎಲ್ಲರೂ ಹಾಗೇ ಕೇಳುವುದು. ಈ ಒಂದು ವಾಕ್ಯದಲ್ಲಾದ್ರೂ ನಮ್ಮ ಜಿಲ್ಲೆಯಲ್ಲಿ ಗಡಿ ಸಮಸ್ಯೆ ಇಲ್ಲ.

ಕುಂಬಳೆ ಲೋಕಲ್
ಕೇಳಿದವನಿಗೆ ಉತ್ತರ ಸಿಕ್ಕಿದ್ರೆ ಆಯ್ತಲ್ಲ. ಡಿಡ್ ಹಾಕಿ ಕೇಳಿದ್ರೂ ನನ್ನ ಹೆಂಡತಿಗೆ ನಾನು ಹೇಳುವುದು "ಇಲ್ಲೇ ಪೇಟೆಗೆ" ಅಂತಲೇ.